ಏಳನೇ ನಂಬರಿನ ಬಿಲ್ಲೆ

ಇದು ನಮ್ಮ ಪಕ್ಕದ ಮನೆಯ ಪ್ರೇಮ್‌ಗೆ ಆದದ್ದು. ಕಾವೂರಿನಲ್ಲಿ ನಮಗೂ ಅವನಿಗೂ ಒಂದೇ ಕಂಪೌಂಡ್ ಗೋಡೆ. ನಗುವವರಿದ್ದರೆ ಈಗಲೇ ನಕ್ಕು ಮುಗಿಸಿ, ನಡುವೆ ಬಾಯಿ ಹಾಕಬೇಡಿ.

ಹೋದ ಜನವರಿ ತಿಂಗಳು. ರಾತ್ರಿ ಹನ್ನೊಂದೂ ಮುಕ್ಕಾಲು. ಕಂಪೆನಿಯ ವ್ಯಾನು ಪ್ರೇಮ್‌ನನ್ನು ಜಂಕ್ಷನ್ನಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಮೊದಲು ಕೆರೆಯ ಬದಿ. ಅದು ದಾಟಿದರೆ ಒಂದು ಹಾಳು ಬಾವಿ, ಬಾಯಿಗೆ ಕಬ್ಬಿಣದ ಗ್ರಿಲ್ ಹಾಕಿ ಬೀಗ ಜಡಿದಿದ್ದಾರೆ. ದಿನಾ ನಡೆಯುವ ದಾರಿ. ಆದರೆ ಆ ದಿನ ಅವನ ಅಂಗಿಯ ಕಿಸೆಯಲ್ಲಿ ಮಡಚಿದ ಒಂದು ಕಾಗದ ಇತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅದಕ್ಕೆ ಸಹಿ ಹಾಕಿ ಕೊಡಬೇಕಿತ್ತು.

ಆ ಕಾಗದ ಎಂತದ್ದು ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮಗೆ ಹೆದರಿಕೆ ಆದೀತು, ಸಿಟ್ಟು ಬರಲಿಕ್ಕಿಲ್ಲ. ನನಗೆ ಈಗಲೂ ಬರುವುದು ಸಿಟ್ಟೇ.

ಪ್ರೇಮ್ ಕೆಲಸ ಮಾಡುತ್ತಿದ್ದದ್ದು ಬೈಕಂಪಾಡಿಯ ಒಂದು ಕಂಪೆನಿಯಲ್ಲಿ. ಹೆಸರು ಬೇಡ. ಅವರು ಒಂದು ರೈಲು ಮಾಡಿದ್ದರು. ರೈಲು ಅಂದರೆ ಒಂದೇ ಒಂದು ಬೋಗಿ. ಎಳೆಯಲಿಕ್ಕೆ ಎಂಜಿನ್ ಇಲ್ಲ. ಬ್ಯಾಟರಿ, ಮೋಟಾರು ಎಲ್ಲ ಅದರ ಹೊಟ್ಟೆಯಡಿಯಲ್ಲಿ. ನಲವತ್ತು ಜನ ಕೂತರೆ ತನ್ನಷ್ಟಕ್ಕೆ ಓಡುತ್ತದೆ. ಕೆಲಸದವರು ಅದನ್ನು ಒಂಟಿ ಎಂದು ಕರೆಯುತ್ತಿದ್ದರು. ಇಂಥ ಬೋಗಿಗಳಲ್ಲಿ ಯಾರದ್ದೂ ಓಡದಷ್ಟು ಜೋರಾಗಿ ಓಡಿಸಿ ದಾಖಲೆ ಮಾಡಬೇಕು ಎಂಬುದು ಕಂಪೆನಿಯ ಹುಚ್ಚು. ಇನ್ನೂ ರೈಲು ಬಿಟ್ಟಿರದ ಹದಿನೆಂಟು ಕಿಲೋಮೀಟರ್ ಹೊಸ ಹಳಿಯನ್ನು ಅದಕ್ಕಾಗಿಯೇ ಹಿಡಿದುಕೊಂಡಿದ್ದರು. ಹೋಗುವಾಗ ಒಂದು ಓಟ, ಬೇರೆ ದಿನ ಬರುವಾಗ ಒಂದು ಓಟ. ಎರಡೂ ಸರಿಯಾದರೆ ಪರೀಕ್ಷಕರು ಸಹಿ ಹಾಕುತ್ತಾರೆ.

ಹಳಿ ನೋಡಿಕೊಳ್ಳುವವರಲ್ಲಿ ಹಿರಿಯ ಎಂದರೆ ಜೋಕಟ್ಟೆಯ ದುಗ್ಗಪ್ಪ. ಉದ್ದ ಹಿಡಿಯ ಸುತ್ತಿಗೆ ಹಿಡಿದು, ಹಳಿಯನ್ನು ಕಚ್ಚಿ ಹಿಡಿಯುವ ಒಂದೊಂದೇ ಕ್ಲಿಪ್ಪಿಗೆ ಬಡಿಯುತ್ತಾ ನಡೆಯುವುದು ಅವನ ಕೆಲಸ. ಬಿಗಿ ಇದ್ದರೆ ಠಣ್ ಎನ್ನುತ್ತದೆ. ಸಡಿಲ ಇದ್ದರೆ ಟಕ್. ಹಳಿಗೆ ಇಳಿಯುವ ಪ್ರತಿಯೊಬ್ಬನೂ ಶೆಡ್ಡಿನ ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದ ಮೇಲೆ ಅದೇ ಮೊಳೆಗೆ ನೇತು ಹಾಕಬೇಕು. ಎಲ್ಲ ಬಿಲ್ಲೆ ಹಲಗೆಯಲ್ಲಿದ್ದರೆ ಮಾತ್ರ ಲೈನ್ ಕ್ಲಿಯರ್, ಬೋಗಿ ಬಿಡಬಹುದು. ಆ ಹಲಗೆ ಪ್ರೇಮ್‌ನ ಸುಪರ್ದಿ.

ದುಗ್ಗಪ್ಪನ ಮನೆ ಹಳಿಯ ಬದಿಯಲ್ಲೇ. ಬಿಲ್ಲೆ ಹಾಕಲಿಕ್ಕೆಂದು ಅಷ್ಟು ದೂರ ಶೆಡ್ಡಿಗೆ ಬಂದು ಪುನಃ ಮನೆಗೆ ಹೋಗಬೇಕಲ್ಲ ಎಂದು ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ದುಗ್ಗಪ್ಪ ಏಳನೇ ನಂಬರಿನ ಬಿಲ್ಲೆಯನ್ನು ಪ್ರೇಮ್‌ನ ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದ. ಕೆಲಸ ಮುಗಿಸಿ ಮನೆ ಸೇರಿದ ಮೇಲೆ ಒಂದು ಮಿಸ್ಡ್ ಕಾಲ್. ಆಗ ಪ್ರೇಮ್ ಬಿಲ್ಲೆ ನೇತು ಹಾಕುತ್ತಿದ್ದ. ಎರಡು ವರ್ಷ ಹೀಗೇ ನಡೆದಿತ್ತು.

ಮೊದಲ ಓಟದ ರಾತ್ರಿ ಮಿಸ್ಡ್ ಕಾಲ್ ಬರಲಿಲ್ಲ.

ಪ್ರೇಮ್ ಫೋನ್ ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗೆ. ಮ್ಯಾನೇಜರ್ ಚಿತ್ತರಂಜನ ಗಡಿಯಾರ ನೋಡುತ್ತಾ ಹಿಂದೆಯೇ ನಿಂತಿದ್ದ. "ಅವ ಮನೆಗೆ ಮುಟ್ಟಿ ಮಲಗಿರ್ತಾನೆ ಮಾರಾಯ. ನೇತು ಹಾಕು," ಎಂದ. ಪ್ರೇಮ್ ನೇತು ಹಾಕಿದ.

ಒಂಟಿ ಗಂಟೆಗೆ ನೂರೈವತ್ತೊಂದು ಕಿಲೋಮೀಟರ್ ಓಡಿತು. ಅದಕ್ಕೆ ಎಂಜಿನ್ನಿನ ಸದ್ದಿಲ್ಲ. ಸ್ಸ್ಸ್... ಅಷ್ಟೇ. ಆರನೇ ಕಿಲೋಮೀಟರಿನ ತಿರುವಿನಲ್ಲಿ ಒಂದು ಸಡಿಲ ಕ್ಲಿಪ್ಪಿನ ಮುಂದೆ ದುಗ್ಗಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಓಡಿಸುತ್ತಿದ್ದವನು ಬೊನಿಫಾಸ್, ಮೂವತ್ತು ವರ್ಷ ರೈಲು ಓಡಿಸಿದ ಮನುಷ್ಯ. ಅವನ ಕಣ್ಣಿಗೆ ಬಿದ್ದಾಗ ನಡುವೆ ಇದ್ದದ್ದು ನೂರು ಮೀಟರ್.

ಹಳಿಯ ಮೇಲೆ ಮನುಷ್ಯ ಇದ್ದ ಎಂದಾದರೆ ಲೈನ್ ಕ್ಲಿಯರ್ ಇರಲಿಲ್ಲ ಎಂದಾಯಿತು. ಲೈನ್ ಕ್ಲಿಯರ್ ಇಲ್ಲದ ಓಟ ದಾಖಲೆಗೆ ಸೇರುವುದಿಲ್ಲ. ಅದಕ್ಕೆ ಚಿತ್ತರಂಜನ ಒಂದು ಕಾಗದ ಟೈಪ್ ಮಾಡಿಸಿದ. ದುಗ್ಗಪ್ಪನು ತಾನೇ ಶೆಡ್ಡಿಗೆ ಬಂದು ಬಿಲ್ಲೆ ನೇತು ಹಾಕಿದ್ದಾನೆ, ಅವನ ಬಾಯಿಯಿಂದ ಮದ್ಯದ ವಾಸನೆ ಬರುತ್ತಿತ್ತು, ಆಮೇಲೆ ಅನುಮತಿಯಿಲ್ಲದೆ ಹಳಿಗೆ ಹೋಗಿದ್ದಾನೆ. ಕೆಳಗೆ ಪ್ರೇಮ್‌ನ ಸಹಿಗೆ ಜಾಗ.

ಸತ್ತವನ ತಲೆಯ ಮೇಲೆ ಗೂಬೆ ಕೂರಿಸುವುದು ಎಂದರೆ ಇದು. ಒಂದು ನಂಬರಿಗಾಗಿ! ನೂರೈವತ್ತೊಂದು ಎಂಬ ನಂಬರು ಬೋರ್ಡಿನಲ್ಲಿ ಬರೆಯಬೇಕು, ಅದಕ್ಕೆ ಒಬ್ಬ ಮನುಷ್ಯ ಕುಡುಕನಾಗಬೇಕು. ಥೂ! ಹೇಳುವಾಗ ನನ್ನ ಮೈಯೆಲ್ಲ ಉರಿಯುತ್ತದೆ.

ಆಯಿತು, ಬಾವಿಯ ಹತ್ತಿರ ಬರುವ.

ಪ್ರೇಮ್ ಕೆರೆ ದಾಟಿದ. ಗಾಳಿ ಇಲ್ಲ. ಯಾವಾಗಲೂ ಬೊಗಳುವ ನಾಯಿಗಳೂ ಇಲ್ಲ. ಬಾವಿ ಇಪ್ಪತ್ತು ಹೆಜ್ಜೆ ದೂರ ಇರುವಾಗ ಕೇಳಿಸಿತು.

ಠಣ್...

ನಿಂತ.

ಠಣ್... ಠಣ್...

ಆ ದಾರಿಯಲ್ಲಿ ಹಳಿ ಎಂಬುದೇ ಇಲ್ಲ, ನಿಮಗೂ ಗೊತ್ತುಂಟು. ಸದ್ದು ಬರುತ್ತಿದ್ದದ್ದು ಬಾವಿಯೊಳಗಿಂದ. ಕೆಳಗಿನಿಂದ ಒಂದೊಂದೇ ಹೆಜ್ಜೆ ಮೇಲೆ ಬಂದ ಹಾಗೆ. ಠಣ್... ಠಣ್... ಗ್ರಿಲ್ಲಿನ ಕೆಳಗೆ ಮುಟ್ಟುವಾಗ, ಟಕ್.

ಮತ್ತೆ ಸದ್ದಿಲ್ಲ.

"ಪ್ರೇಮ್..."

ಪಿಸುಮಾತು. ಬಾವಿಯಿಂದ ಅಲ್ಲ, ಅವನ ಕಿವಿಯ ಹಿಂದಿನಿಂದ. ತಿರುಗಲಿಕ್ಕೆ ಕುತ್ತಿಗೆ ಬರಲಿಲ್ಲ.

"ಲೈನ್ ಕ್ಲಿಯರ್ ಅಂತ ಯಾರು ಹೇಳಿದ್ದು?"

ಪ್ರೇಮ್ ಕಿಸೆಯ ಕಾಗದವನ್ನು ಒತ್ತಿ ಹಿಡಿದ. ಪುನಃ ಅದೇ ದನಿ.

"ನಾನು ಇನ್ನೂ ಲೈನಿನಲ್ಲಿಯೇ ಇದ್ದೇನಲ್ಲ... ಯಾರು ಹೇಳಿದ್ದು?"

"ನಾನು..." ಎಂದ ಪ್ರೇಮ್. "ನಾನೇ, ದುಗ್ಗಪ್ಪಣ್ಣ."

"ನನಗೆ ಹೇಳಿ ಎಂತ ಪ್ರಯೋಜನ? ಅವಳಿಗೆ ಹೇಳು."

ಆ ದನಿಯಲ್ಲಿ ಅಳು ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಹಲ್ಲು ಕಚ್ಚಿ ಮಾತಾಡಿದ ಹಾಗೆ ಇತ್ತು ಎಂದು ಪ್ರೇಮ್ ಹೇಳುತ್ತಾನೆ. ಆಮೇಲೆ ಸ್ಸ್ಸ್... ಎಂದು ಏನೋ ಅವನ ಪಕ್ಕದಿಂದಲೇ ಹಾದು ಹೋಯಿತು. ಅಂಗಿ ಮೈಗೆ ಅಂಟಿಕೊಂಡಿತು. ಕೆರೆಯ ಬದಿಯ ಹುಲ್ಲು ಒಂದೂ ಅಲುಗಲಿಲ್ಲ.

ಅವನು ಮನೆಗೆ ಹೇಗೆ ಮುಟ್ಟಿದ ಎಂಬುದು ಅವನಿಗೇ ನೆನಪಿಲ್ಲ. ಗೇಟು ಬಡಿದ ಸದ್ದಿಗೆ ಎದ್ದು ಲೈಟ್ ಹಾಕಿದ್ದು ನಾನು. ಅವನ ಮುಖ ನೋಡಿದ್ದೂ ನಾನೇ.

ಬೆಳಕು ಹರಿಯುವ ಮೊದಲೇ ಅವನು ಬೈಕು ಹತ್ತಿ ಜೋಕಟ್ಟೆಗೆ ಹೋದ. ದುಗ್ಗಪ್ಪನ ಹೆಂಡತಿ ಕಿನ್ನಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮಿಂಚುವ ಪಟ್ಟಿಯ ಕಿತ್ತಳೆ ಜಾಕೆಟ್. ಗಂಡ ಹೋಗಿ ತಿಂಗಳಾಗಿಲ್ಲ, ಯೂನಿಫಾರ್ಮು, ಬೂಟು ವಾಪಸ್ ಕೊಡಿ ಎಂದು ಕಂಪೆನಿಯವರು ಹೇಳಿ ಕಳಿಸಿದ್ದರು. ಒಗೆದು ಕೊಡಬೇಕಂತೆ!

ಪ್ರೇಮ್ ಅಂಗಳದಲ್ಲಿ ನಿಂತೇ ಎಲ್ಲ ಹೇಳಿದ. ಬಿಲ್ಲೆ, ಮಿಸ್ಡ್ ಕಾಲ್, ಚಿತ್ತರಂಜನ, ಕಿಸೆಯಲ್ಲಿದ್ದ ಕಾಗದ. ಒಂದನ್ನೂ ಬಿಡಲಿಲ್ಲ. ಕಿನ್ನಿ ಜಾಕೆಟ್ ಹಿಂಡುತ್ತಾ ಕೇಳಿದಳು. ಮುಗಿದ ಮೇಲೂ ಹಿಂಡುತ್ತಲೇ ಇದ್ದಳು.

"ನೇತು ಹಾಕಿದ್ದು ನೀನು," ಎಂದಳು. "ಓಡಿಸಿದ್ದು ಅವರು. ನಡುವೆ ಇವರು ಕುಡಿದದ್ದು ಎಲ್ಲಿಂದ ಬಂತು?"

"ತಪ್ಪಾಯ್ತು ಕಿನ್ನಿಯಕ್ಕ..."

"ಸುಮ್ಮನಿರು. ಕುಡಿಯುವುದು ಬಿಟ್ಟು ಹನ್ನೆರಡು ವರ್ಷ. ಬಿಡಿಸ್ಲಿಕ್ಕೆ ನಾನು ಪಟ್ಟ ಪಾಡು ನಿಮಗೆ ಯಾರಿಗಾದ್ರೂ ಗೊತ್ತುಂಟಾ? ಇವರ ಬೊಜ್ಜದ ದಿನ ಸಾವಿನ ಊಟಕ್ಕೆ ಬಂದವರು ಕೈ ತೊಳೆಯುವಾಗ ಹೇಳಿದ್ರು, ಪಾಪ, ಪುನಃ ಶುರು ಮಾಡಿದ್ದಂತೆ ಅಂತ. ನನ್ನ ಮನೆಯ ಅಂಗಳದಲ್ಲಿ ಹೇಳಿದ್ರು." ಜಾಕೆಟನ್ನು ಕಲ್ಲಿನ ಮೇಲೆ ಬಿಸಾಡಿದಳು. "ಸೈನ್ ಹಾಕಿದ್ದೀಯಾ?"

"ಇಲ್ಲ."

"ಹಾಗಾದ್ರೆ ನಡಿ."

ಹತ್ತು ಗಂಟೆಗೆ ಪ್ರೇಮ್ ತನ್ನ ಕೈಯಾರೆ ಬರೆದ ಬೇರೆ ಕಾಗದವನ್ನು ಚಿತ್ತರಂಜನನ ಮೇಜಿನ ಮೇಲಿಟ್ಟ. ಚಿತ್ತರಂಜನ ಓದಿದ. ಮುಖ ಕೆಂಪಾಗಲಿಲ್ಲ, ಬೈಯಲಿಲ್ಲ. ನಗುತ್ತಾ ಡ್ರಾವರಿಗೆ ಹಾಕಿ ಬೀಗ ಹಾಕಿದ. "ಇವತ್ತು ರಾತ್ರಿ ಎರಡನೇ ಓಟ ಉಂಟು. ಪರೀಕ್ಷಕರು ಬರ್ತಾರೆ. ಅದು ಮುಗೀಲಿ, ಮತ್ತೆ ನೋಡುವ," ಎಂದ. ಆ ನಗು ಇದೆಯಲ್ಲ, ಅದನ್ನು ನೆನೆದರೆ ಪ್ರೇಮ್‌ನ ಮುಷ್ಟಿ ಇವತ್ತಿಗೂ ಬಿಗಿಯುತ್ತದೆ.

ಕಿನ್ನಿ ಮನೆಗೆ ಹೋಗಲಿಲ್ಲ. ಶೆಡ್ಡಿನ ಮೆಟ್ಟಿಲಲ್ಲಿ ಕೂತಳು. ವಾಚ್‌ಮನ್ ಎರಡು ಸಲ ಬಂದು ಏಳಿ ಎಂದ. ಮೂರನೇ ಸಲ ಅವಳು ಅವನನ್ನು ನೋಡಿದ ರೀತಿಗೆ ಅವನೇ ಚಾ ತಂದುಕೊಟ್ಟು ಹೋದ.

ರಾತ್ರಿ ಒಂದು ಗಂಟೆಗೆ ಓಟ. ಆ ಸಲ ಹಳಿಯಲ್ಲಿ ಯಾರೂ ಇರಲಿಲ್ಲ. ಪ್ರೇಮ್ ಒಬ್ಬೊಬ್ಬರ ಮುಖ ನೋಡಿಯೇ ಬಿಲ್ಲೆ ಹಾಕಿಸಿದ್ದ. ಒಂಟಿ ಆಚೆ ತುದಿಯಿಂದ ಹೊರಟಿತು. ಒಳಗೆ ಇಬ್ಬರು ಪರೀಕ್ಷಕರು, ಓಡಿಸುವವನು ಬೊನಿಫಾಸ್. ಶೆಡ್ಡಿನ ಪರದೆಯಲ್ಲಿ ವೇಗ ಏರಿತು... ನೂರಹತ್ತು... ನೂರಮೂವತ್ತು... ನೂರೈವತ್ತೆರಡು. ಚಿತ್ತರಂಜನ ಚಪ್ಪಾಳೆ ತಟ್ಟಿದ. ಬೋಗಿ ಸದ್ದಿಲ್ಲದೆ ಬಂದು ಶೆಡ್ಡಿನ ಎದುರು ನಿಂತಿತು.

ಹಿರಿಯ ಪರೀಕ್ಷಕರು ಕೈಯಲ್ಲಿ ವೇಗ ಬರೆಯುವ ಮೆಷಿನ್ನಿನ ಗ್ರಾಫಿನ ಕಾಗದ ಹಿಡಿದು ಇಳಿದರು. ಎರಡು ಸಲ ನೋಡಿದರು. ಕನ್ನಡಕ ಒರೆಸಿ ಪುನಃ ನೋಡಿದರು.

"ಬೊನಿಫಾಸ್, ಆರನೇ ಕಿಲೋಮೀಟರಿನಲ್ಲಿ ಯಾಕೆ ನಿಲ್ಲಿಸಿದ್ರಿ?"

"ನಾನೆಲ್ಲಿ ನಿಲ್ಲಿಸಿದ್ದು ಸರ್? ನೀವು ಪಕ್ಕದಲ್ಲೇ ಇದ್ರಲ್ಲ."

ಹೌದು, ಅವರು ಪಕ್ಕದಲ್ಲೇ ಇದ್ದರು. ನಿಂತಿರಲಿಲ್ಲ ಎಂದು ಅವರಿಗೂ ಗೊತ್ತು. ಮೆಷಿನ್ ಹಾಳಾಗಿದೆ ಎಂದ ಚಿತ್ತರಂಜನ. ಬೇರೆ ಮೆಷಿನ್ ಕೂರಿಸಿ ಪುನಃ ಓಡಿಸಿದರು. ಅದೇ ಜಾಗ, ಅದೇ ಗೆರೆ.

ಆಗ ಕಿನ್ನಿ ಮೆಟ್ಟಿಲಿನಿಂದ ಎದ್ದಳು.

"ಅಲ್ಲಿ ಯಾರು ಕೂತಿದ್ರು ಅಂತ ಈ ಪ್ರೇಮ್‌ನ ಹತ್ರ ಕೇಳಿ," ಎಂದಳು. "ಕೇಳಿ ಸರ್. ಇವ ಬರೆದು ಕೊಟ್ಟಿದ್ದಾನೆ. ಆ ಡ್ರಾವರಿನಲ್ಲಿ ಉಂಟು."

"ಇವರನ್ನು ಹೊರಗೆ ಕಳಿಸಿ!" ಎಂದು ಚಿತ್ತರಂಜನ ಕಿರುಚಿದ. ಯಾರೂ ಕದಲಲಿಲ್ಲ. ಬೊನಿಫಾಸ್ ಹೋಗಿ ಅವಳ ಪಕ್ಕದಲ್ಲಿ ನಿಂತ.

ಪ್ರೇಮ್ ಎಲ್ಲರ ಎದುರು ಗಟ್ಟಿಯಾಗಿ ಹೇಳಿದ. ಬಿಲ್ಲೆ ನೇತು ಹಾಕಿದ್ದು ನಾನು. ಹಾಕಲಿಕ್ಕೆ ಹೇಳಿದ್ದು ಇವರು. ದುಗ್ಗಪ್ಪಣ್ಣ ಕುಡಿದಿರಲಿಲ್ಲ, ಡ್ಯೂಟಿಯಲ್ಲಿದ್ದರು. ಡ್ರಾವರ್ ತೆಗೆಸಿದರು. ಪರೀಕ್ಷಕರು ತಮ್ಮ ವರದಿಯಲ್ಲಿ ಅದೇ ಮಾತು ಬರೆದರು. ಕರ್ತವ್ಯದಲ್ಲಿದ್ದ ಕೆಲಸಗಾರ ದುಗ್ಗಪ್ಪ. ಕಿನ್ನಿ ಆ ಸಾಲನ್ನು ಮೂರು ಸಲ ಓದಿಸಿ ಕೇಳಿದಳು. ಪ್ರೇಮ್‌ನ ಕೆಲಸ ಹೋಯಿತು, ಪೊಲೀಸ್ ಕೇಸು ನಡೆಯುತ್ತಿದೆ, ಅವಳು ಅವನನ್ನು ಇವತ್ತಿಗೂ ಮಾತಾಡಿಸುವುದಿಲ್ಲ. ಅದು ನ್ಯಾಯವೇ ಎಂದು ಅವನೇ ಹೇಳುತ್ತಾನೆ.

ದಾಖಲೆ ಆಗಲಿಲ್ಲ. ಆಗುವುದು ಹೇಗೆ? ಗ್ರಾಫಿನ ಒಂದು ಪ್ರತಿಯನ್ನು ಬೊನಿಫಾಸ್ ತಂದು ನಮ್ಮ ಜಗಲಿಯಲ್ಲಿ ಬಿಡಿಸಿ ತೋರಿಸಿದ್ದಾನೆ. ನಾನು ಕಣ್ಣಾರೆ ನೋಡಿದ್ದೇನೆ, ಬೆರಳಿಟ್ಟು ಓದಿದ್ದೇನೆ. ಯಾರ ಮೇಲೆ ಬೇಕಾದರೂ ಆಣೆ ಹಾಕುತ್ತೇನೆ. ಹೊರಟ ಸಮಯ, ಮುಟ್ಟಿದ ಸಮಯ ಎರಡೂ ಉಂಟು. ಹದಿನೆಂಟು ಕಿಲೋಮೀಟರ್ ಓಡಲಿಕ್ಕೆ ಒಂಟಿ ತೆಗೆದುಕೊಂಡದ್ದು ಒಟ್ಟು ಒಂಬತ್ತು ನಿಮಿಷ. ಅದೇ ಓಟದಲ್ಲಿ, ಆರನೇ ಕಿಲೋಮೀಟರಿನ ತಿರುವಿಗೆ ನೂರು ಮೀಟರ್ ಮೊದಲು, ಅದು ನಿಂತದ್ದು ಹನ್ನೊಂದು ನಿಮಿಷ.