ಎದುರಿಗೆ ಕೂತು ನೋಡುವ ಟಿವಿ

ರೇಡಿಯೋ ರಿಪೇರಿಗೆ ಕೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕಾಯುತ್ತಿದ್ದ ಮುದಿ ಮಾಲಿಯ ಪಕ್ಕದಲ್ಲೇ, ತಲೆ ನರೆತ ಗಂಡ ಹೆಂಡತಿ ಟಿವಿ ಆರಿಸುತ್ತಿದ್ದರು. ಎಡಗಡೆಯ ಪರದೆ ಎಲ್ಲಿಂದ ನೋಡಿದರೂ ಒಂದೇ ಥರ, ಬಲಗಡೆಯದು ಎದುರಿಗೆ ಕೂತರೆ ಮಾತ್ರ ಚೆನ್ನ, ಓರೆಯಿಂದ ಬಣ್ಣ ಮಂಕು ಎಂದು ಹೇಳಿ ಅಂಗಡಿಯವನು ಬೇರೆ ಗಿರಾಕಿಯ ಕಡೆ ಹೋಗಿದ್ದ.

"ಎಡಗಡೇದೇ ಇರ್ಲಿ ರೀ. ಅಡುಗೆಮನೆ ಬಾಗ್ಲಿಂದ್ಲೂ ಕಾಣುತ್ತೆ."

"ಬೇಡ. ಬಲಗಡೇದು."

"ತಲೆಗಿಲೆ ಕೆಟ್ಟಿದ್ಯಾ? ಬೆಲೆ ಎರಡಕ್ಕೂ ಒಂದೇ."

"ಇರ್ಲಿ."

"ಹಾಗಾದ್ರೆ ನಾನು ನೋಡೋದೇ ಬೇಡ್ವಾ?"

"ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು. ಒಂದು ಸಿನಿಮಾನಾದ್ರೂ ನನ್ನ ಪಕ್ಕ ಕೂತು ಪೂರ್ತಿ ನೋಡಿದ್ದೀಯೇನೇ? ಸೌಟು ಹಿಡ್ಕೊಂಡು ಬಾಗ್ಲಲ್ಲೇ ನಿಂತಿರ್ತೀಯ, ಬಸ್ಸಿಗೆ ಕಾಯೋರ ಹಾಗೆ."

"ಒಲೆ ಮೇಲೆ ಹಾಲಿರುತ್ತೆ."

"ಮೂವತ್ತೊಂದು ವರ್ಷದಿಂದ್ಲೂ ಹಾಲೇನಾ?"

ಅವಳು ಅಂಗಡಿಯ ಬಾಗಿಲ ಕಡೆ ಸರಿದು ಬಲಗಡೆಯ ಪರದೆಯನ್ನು ಓರೆಯಾಗಿ ನೋಡಿದಳು. ಆಮೇಲೆ ಬಂದು ಅವನ ಪಕ್ಕ ನಿಂತು ನೋಡಿದಳು.

"ಸೋಫಾದಲ್ಲಿ ನನ್ನ ಜಾಗದ ತುಂಬಾ ನಿಮ್ಮ ಹಳೇ ಪೇಪರ್ ರಾಶಿ ಬಿದ್ದಿದ್ಯಲ್ಲ?"

"ಇವತ್ತೇ ತೆಗೀತೀನಿ ಕಣೇ."

"ತೆಗೀರಿ, ಕೂರ್ತೀನಿ. ನಡೀರಿ, ಬಿಲ್ ಮಾಡ್ಸೋಣ."

ಅವರು ಕೌಂಟರಿನ ಕಡೆ ಹೋದರು. ಮಾಲಿಯ ಹೆಂಡತಿಯೂ ಬದುಕಿದ್ದಷ್ಟು ದಿನ ಬಾಗಿಲಲ್ಲೇ ನಿಂತು ಟಿವಿ ನೋಡಿದವಳು. ಪಕ್ಕ ಕೂರಲು ಕರೆದಿದ್ದರೆ ಬರುತ್ತಿದ್ದಳೇನೋ, ಅವನು ಕರೆದಿರಲಿಲ್ಲ. ಅವನು ಮೆಲ್ಲಗೆ ಎದ್ದು ಬಲಗಡೆಯ ಟಿವಿಯ ಎದುರು ಹೋಗಿ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ನಿಂತ.