ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಬಹಳ ಹಿಂದೆ, ಬೆಂಕಿಕಡ್ಡಿಯೂ ಊರು ಹೊಕ್ಕಿರದ ಕಾಲದಲ್ಲಿ, ಹೊಳೆ ಬಳಸಿ ಹರಿಯುವ ಒಂದೂರಿನಲ್ಲಿ ಚನ್ನಾಜಮ್ಮ ಎಂಬವಳು ಇದ್ದಳಂತೆ, ಸಾಹುಕಾರನ ಹೆಂಡತಿ. ಅವಳ ಮನೆಯ ಮೊಸರು ಹೇಗಿತ್ತು ಗೊತ್ತೇ, ತಾಯಂದಿರೇ? ಹುಣ್ಣಿಮೆಯ ಚಂದ್ರ ಗಡಿಗೆಯೊಳಗೆ ಇಳಿದು ನಿದ್ದೆಹೋದ ಹಾಗೆ. ಆ ಹೆಪ್ಪು ಅವಳ ಅತ್ತೆಯ ಅತ್ತೆಯ ಕಾಲದ್ದು. ನಮ್ಮಜ್ಜಿ ಇದನ್ನು ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನಾಲಿಗೆಗೆ ರುಚಿ ಬಂದವಳಂತೆ.

ಕುಂಬಾರ ಓಣಿಯ ದ್ಯಾಮವ್ವ ಚನ್ನಾಜಮ್ಮನ ಗೆಳತಿ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಹೊಳೆಯ ದಂಡೆಯಲ್ಲಿ ಕೂತು ನಕ್ಕರೆ ಯಾವ ನಗು ಯಾರದೆಂದು ನೀರಿಗೂ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ದ್ಯಾಮವ್ವ ಬಟ್ಟಲು ಹಿಡಿದು ಬಂದಳು.

“ಚನ್ನಕ್ಕಾ, ಕಳ್ಳಬೆಕ್ಕು ಮೊಸರಿನ ಗಡಿಗಿ ಉರುಳಿಸೇತಿ. ಒಂಚೂರು ಹೆಪ್ಪು ಕೊಡ.”

“ಅಯ್ಯ, ಈಗಷ್ಟೇ ದೀಪ ಹಚ್ಚೀನಿ. ದೀಪ ಹಚ್ಚಿದ ಮ್ಯಾಲ ಮೊಸರು ಹೊರಗ ಕೊಟ್ರ ಲಕ್ಷ್ಮಿ ಹೋಗ್ತಾಳ. ನಾಳೆ ಬಾರ.”

“ನಿನ್ನ ಲಕ್ಷ್ಮಿ ಬಟ್ಟಲದಾಗ ಕುಂತು ನಮ್ಮನೀಗೆ ಬರ್ತಾಳೇನ?” ಎಂದು ದ್ಯಾಮವ್ವ ನಕ್ಕಳು. ಖಾಲಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು ಹೋದಳು.

ಊರಿನಲ್ಲಿ ಒಂದು ಹನಿ ಮಳೆಯಿಲ್ಲ. ಮೇಲೆಲ್ಲೋ, ಯಾರೂ ಕಾಣದ ಬೆಟ್ಟಗಳಲ್ಲಿ ಸುರಿದಿತ್ತು. ನಸುಕಿನಲ್ಲಿ ಹೊಳೆ ಎದ್ದು, ಕನಸಿನಲ್ಲಿ ನಡೆಯುವವಳಂತೆ ಊರೊಳಗೆ ಬಂತು. ಮೊದಲು ಕುಂಬಾರ ಓಣಿ. ಆಮೇಲೆ ಸಾಹುಕಾರನ ಮನೆ, ದನ, ಪೆಟ್ಟಿಗೆ, ಮೊಸರಿನ ಗಡಿಗೆ. ಗುಡ್ಡ ಹತ್ತಿದವರು ಉಳಿದರು. ದ್ಯಾಮವ್ವ ಹತ್ತಲಿಲ್ಲ.

ಗುಡ್ಡದ ಮೇಲೆ ಕುರುಬರ ಮುದುಕಿಯೊಬ್ಬಳು ಚನ್ನಾಜಮ್ಮನ ಮುಂದೆ ಮೊಸರನ್ನ ಇಟ್ಟಳು. ಒಂದು ತುತ್ತು ಬಾಯಿಗಿಟ್ಟಳೋ ಇಲ್ಲವೋ, ಚನ್ನಾಜಮ್ಮನ ಕೈ ನಿಂತಿತು.

“ಈ ಮೊಸರು ಎಲ್ಲೀದು?”

“ನಿಮ್ಮನೀ ಹೆಪ್ಪರೀ ಅವ್ವಾರ. ನಿಮ್ಮ ಕಡಿಂದ ಒಯ್ದದ್ದರಾಗ ದ್ಯಾಮವ್ವ ಹೋದ ತಿಂಗಳ ನನಗೂ ಕೊಟ್ಟಿದ್ಲು. ನಾ ಹೋದಾಗ ದೀಪ ಹಚ್ಚಿದ್ಲು. ಹೊತ್ತಾತು, ನಾಳೆ ಬರ್ತೀನಿ ಅಂದೆ. ‘ಹಾಲು ನಾಳೆತನಕಾ ಕಾಯತೈತೇನ ಮುದುಕಿ?’ ಅಂತ ನಕ್ಕು, ಬಟ್ಟಲ ತುಂಬ ಹಾಕಿದ್ಲು.”

ಆಗ ಚನ್ನಾಜಮ್ಮ ಅತ್ತಳು. ಮನೆಗಾಗಿ ಅಳಲಿಲ್ಲ, ಪೆಟ್ಟಿಗೆಗಾಗಿ ಅಳಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ಹೋದ ಆ ಖಾಲಿ ಬಟ್ಟಲಿಗಾಗಿ ಅತ್ತಳು.

ನೋಡಿ, ಅವಳು ಬಚ್ಚಿಟ್ಟದ್ದನ್ನು ಹೊಳೆ ಒಯ್ಯಿತು. ಗೆಳತಿಯ ಕೈ ದಾಟಿ ಹೋದದ್ದು ಮಾತ್ರ ಗುಡ್ಡದ ಮೇಲೆ ಉಳಿದಿತ್ತು. ಹೊಸ ಮನೆ ಎದ್ದ ಮೇಲೆ, ದಿನವೂ ದೀಪ ಹಚ್ಚಿದೊಡನೆ ಹೊಸ್ತಿಲ ಮೇಲೆ ಒಂದು ಬಟ್ಟಲು ಹೆಪ್ಪು ಇಡುತ್ತಿದ್ದಳಂತೆ ಚನ್ನಾಜಮ್ಮ. ಯಾರಾದರೂ ಒಯ್ಯಲಿ ಎಂದು. ಯಾರ ದಾರಿ ನೋಡುತ್ತಿದ್ದಳೋ, ನಿಮಗೇ ಗೊತ್ತು.

ಈಗ ಹೇಳಿ, ನಿಮ್ಮ ಬಾಗಿಲಿಗೆ ಬಂದವರಿಗೆ ನೀವು “ನಾಳೆ ಬಾ” ಅಂದಿಲ್ಲವೇ? ಮಾತು ಬಿಟ್ಟ ಗೆಳತಿಗೆ, ತಂಗಿಗೆ, ಪಕ್ಕದ ಮನೆಯಾಕೆಗೆ ಅಂದಿಲ್ಲವೇ? ನೀವು ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ. ಹಚ್ಚಿರಿ. ಹಚ್ಚಿ, ಒಂದು ಬಟ್ಟಲು ತುಂಬಿಕೊಂಡು ನೀವೇ ಆ ಬಾಗಿಲಿಗೆ ಹೋಗಿ. ದೀಪ ಇರುವುದು ಯಾತಕ್ಕೆ, ತಾಯಿ? ಬಾಗಿಲಲ್ಲಿ ನಿಂತವರ ಮುಖ ಕಾಣಲಿ ಅಂತ.