ಹನ್ನೆರಡು ಮಾತ್ರೆ, ಇಪ್ಪತ್ತನಾಲ್ಕು ದಿನ

ಹಲೋ… ಯಾರು ಮಾತನಾಡುತ್ತಿರುವುದು? ಲೊರೈನ್ ಸಿಸ್ಟರ್ ಅವರೇ ತಾನೆ? ನಾನು ರಾಯಪ್ಪ. ರಿಗ್ಗೈಯಲ್ಲಿ ನಿಮ್ಮ ಮೇಲಿನ ಮನೆ, ರವಿಕಿರಣನ ತಂದೆ…

ಹಾಂ, ಡ್ಯೂಟಿಯಲ್ಲಿದ್ದೀರಿ, ಬಲ್ಲೆ. ನನ್ನ ಹೆಂಡತಿ ಕಲ್ಲವ್ವನ ವಿಷಯ. ಒಂಬತ್ತೂ ಹತ್ತಕ್ಕೆ ಚಹಾದ ಕಪ್ಪು ಅವಳ ಬಲಗೈಯಿಂದ ಜಾರಿತು. ಏಳು ನಿಮಿಷ ಬೆರಳುಗಳನ್ನು ಮಡಚಲಾಗಲಿಲ್ಲ. ಆಮೇಲೆ ಸರಿಹೋಯಿತು…

ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ…

ಕುಳಿತಿದ್ದಾಳೆ. ಕಪ್ಪು ಒಡೆದದ್ದಕ್ಕೆ ಸೊಸೆ ಏನೆನ್ನುವಳೋ ಎಂಬುದೊಂದೇ ಅವಳ ಚಿಂತೆ…

ಹೌದು, ಸ್ಟೆಂಟ್ ಹಾಕಿದ್ದಾರೆ. ಹುಬ್ಬಳ್ಳಿಯಲ್ಲಿ, ನಾವು ಕುವೈತಿಗೆ ಬರುವ ಐದು ವಾರ ಮೊದಲು. ಕುತ್ತಿಗೆಯ ಎಡಗಡೆಯ ರಕ್ತನಾಳ ನೂರಕ್ಕೆ ಎಂಬತ್ತರಷ್ಟು ಮುಚ್ಚಿತ್ತು. ಪಾರ್ಶ್ವವಾಯು ಬರಬಾರದೆಂದೇ ಹಾಕಿಸಿದ್ದು, ಅಲ್ವಾ…

ಮಾತ್ರೆ ಎರಡು ಬಗೆ. ಆಸ್ಪಿರಿನ್ ಸಾಕಷ್ಟಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇನ್ನೊಂದು… ಅದನ್ನೂ ಕೊಡುತ್ತಿದ್ದೇನೆ…

ದಿನಕ್ಕೆ ಒಂದಲ್ಲ, ಸಿಸ್ಟರ್. ಅರ್ಧ…

ಯಾರೂ ಹೇಳಲಿಲ್ಲ. ನಾನೇ. ನಿಮ್ಮ ಯಜಮಾನರು ಅಲೋಶಿಯಸ್ ಅವರು ಊರಿನಿಂದ ಬರುವಾಗ ಮಾತ್ರೆಯ ಕಟ್ಟು ತರುವುದೆಂದಿತ್ತು. ಅವರ ರಜೆ ಮುಂದಕ್ಕೆ ಹೋಯಿತು. ನನ್ನ ಬಳಿ ಹನ್ನೆರಡು ಮಾತ್ರೆ, ಅವರು ಬರಲು ಇಪ್ಪತ್ತನಾಲ್ಕು ದಿನ. ಭಾಗಿಸಿದೆ. ಶೇಷ ಉಳಿಯಲಿಲ್ಲ…

ಇಲ್ಲಿಯ ಫಾರ್ಮಸಿಯಲ್ಲಿ ಕೇಳಿದೆ. ಬೇರೆ ಹೆಸರಿನದನ್ನು ತೋರಿಸಿದ, ಒಳಗಿರುವ ಔಷಧಿ ಅದೇ ಎಂದ. ಹುಬ್ಬಳ್ಳಿಯ ಡಾಕ್ಟರು ಮಾತ್ರೆ ಬದಲಿಸಬೇಡಿ ಎಂದಿದ್ದರು. ನಾನು ಬದಲಿಸಲಿಲ್ಲ…

ಅದೇ ಔಷಧಿಯೇ?… ನಿಶ್ಚಯವಾಗಿ ಅದೇ ಔಷಧಿಯೇ?…

ಒಂಬತ್ತು ದಿನದಿಂದ. ಹದಿನೈದು ಅರ್ಧಗಳು ಉಳಿದಿವೆ, ನನ್ನ ಅಂಗೈಯಲ್ಲೇ ಇವೆ. ಈಗ ಎರಡು ಕೂಡಿಸಿ ಕೊಡಲೇ?…

ಕೊಡಬಾರದೇ? ನೀರನ್ನೂ?… ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹಾಂ. ಕೊಡುವುದಿಲ್ಲ…

ರವಿಕಿರಣ ಅಹ್ಮದಿಯಲ್ಲಿ, ಪ್ಲಾಂಟಿನ ಒಳಗೆ. ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕು. ಅವನಿಗೆ ಈ ಅರ್ಧದ ಲೆಕ್ಕ ತಿಳಿಸಿರಲಿಲ್ಲ…

ಪರೀಕ್ಷಿಸಬೇಕೇ? ಸರಿ. ಕಲ್ಲವ್ವ, ಎರಡೂ ಕೈ ಮುಂದಕ್ಕೆ ಎತ್ತು… ಎತ್ತಿದಳು. ಬಲಗೈ ತುಸು ತಗ್ಗಿದೆ…

ಮಾತನಾಡಿಸುತ್ತೇನೆ, ತಾಳಿ. ಕಲ್ಲವ್ವ, ಹದಿಮೂರಾರಲೆ ಎಷ್ಟು?… "ಈ ವಯಸ್ಸಿನ್ಯಾಗೂ ಮಗ್ಗಿ ಕೇಳ್ತೀರಲ್ರೀ, ಯಮ ಬಂದ್ರ ಅವಗೂ ಪಾಟಿ-ಬಳಪ ಕೊಟ್ಟು ಕೂಡಸ್ತೀರಿ" ಎನ್ನುತ್ತಿದ್ದಾಳೆ. ಮಾತು ಸ್ಪಷ್ಟವಿದೆ, ಸಿಸ್ಟರ್. ಉತ್ತರ ಮಾತ್ರ ಹೇಳಲಿಲ್ಲ…

ನಗಲು ಹೇಳಬೇಕೇ?… ನಲವತ್ತಾರು ವರ್ಷಗಳಲ್ಲಿ ಹಾಗೆ ಹೇಳಿದವನಲ್ಲ ನಾನು. ಕಲ್ಲವ್ವ… ಒಮ್ಮೆ ನಗು…

ನಕ್ಕಳು.

…ಇಲ್ಲೇ ಇದ್ದೇನೆ. ನಕ್ಕಳು, ಸಿಸ್ಟರ್. ಎಡಗಡೆ ಮಾತ್ರ…

ಬಾಗಿಲು ತೆರೆದಿಡುತ್ತೇನೆ. ನಾಲ್ಕನೆಯ ಮಹಡಿ, ಎಡಕ್ಕೆ. ಮಲಗಿಸುತ್ತೇನೆ, ಒಂದು ಮಗ್ಗುಲಿಗೆ. ಆಂಬುಲೆನ್ಸಿನವರೊಡನೆ ನೀವೇ ಮಾತನಾಡಿ, ನನಗೆ ಅರಬ್ಬಿ ಬಾರದು… ಹೌದು, ಈ ಫೋನು ಇಟ್ಟರೆ ತಾನೆ ಆ ಕರೆ ಹೋಗುವುದು. ಇಡಿ…

ಒಂದು ಕ್ಷಣ, ಸಿಸ್ಟರ್. ಈಗ ಉತ್ತರ ಹೇಳಹೊರಟಿದ್ದಾಳೆ. ಎಪ್… ಎಪ್… ಅಷ್ಟಕ್ಕೇ ನಿಂತು ನನ್ನ ಮುಖ ನೋಡುತ್ತಿದ್ದಾಳೆ. ಉಳಿದದ್ದನ್ನು ನಾನು ಹೇಳಿಕೊಡಬಹುದೇ?… ಹಲೋ?… ಸಿಸ್ಟರ್, ಹೇಳಿಕೊಡಬಹು…